ಮಿತವ್ಯಯವೂ ಋಣವೂ

ಮಿತವ್ಯಯವು ಸದ್ಗುಣವೆಂಬುದನ್ನು ಒಪ್ಪದವರಿಲ್ಲ. ಹಿತ್ತಿಲಲ್ಲಿ ಬಿದ್ದ ತೆಂಗಿನ ಮಡಲನ್ನು ಸಹ ಹಾಳುಮಾಡದೆ ಒಲೆಗೋ ತಡಿಕೆಗೋ ಸಲ್ಲಿಸುವ ಕರಾವಳಿಯ ಒಕ್ಕಲು ಮನೆಗಳಲ್ಲಿ ಈ ಗುಣವು ಉಪದೇಶವಿಲ್ಲದೆಯೇ ಮಕ್ಕಳಿಗೆ ಬರುತ್ತದೆ. ಆದರೆ ಉಳಿದುದೆಲ್ಲವೂ ಧರ್ಮದಿಂದಲೇ ಉಳಿದುದೇ ಎಂಬ ಪ್ರಶ್ನೆಯು ಸಾಮಾನ್ಯವಾಗಿ ಏಳುವುದಿಲ್ಲ. ಗಳಿಕೆಯ ವಿಷಯದಲ್ಲಿ ‘ಹೇಗೆ ಬಂತು?’ ಎಂದು ವಿಚಾರಿಸುವ ಲೋಕವು ಉಳಿತಾಯದ ವಿಷಯದಲ್ಲಿ ‘ಎಷ್ಟು ಉಳಿಯಿತು?’ ಎಂದು ಮಾತ್ರ ಕೇಳಿ ಸುಮ್ಮನಾಗುತ್ತದೆ. ಈ ಭೇದವನ್ನು ಪರೀಕ್ಷಿಸುವುದಕ್ಕೆ ದೊಡ್ಡ ಶಾಸ್ತ್ರಗ್ರಂಥಗಳು ಬೇಕಾಗಿಲ್ಲ. ಬೈಂದೂರಿನಿಂದ ಕುಂದಾಪುರದ ಮಾರ್ಗವಾಗಿ ಬ್ರಹ್ಮಾವರಕ್ಕೆ ದಿನಂಪ್ರತಿ ಹೋಗಿಬರುವ ಒಂದು ಸಣ್ಣ ಡೀಸೆಲ್ ಕಾರು ಸಾಕು.

ಬೈಂದೂರಿನ ಸಮೀಪದಲ್ಲಿ ಹಿರಿಯರ ಮನೆಯೂ ವೃದ್ಧಳಾದ ತಾಯಿಯೂ ಉಳ್ಳ ಒಬ್ಬ ಗೃಹಸ್ಥನಿಗೆ ಬ್ರಹ್ಮಾವರದಲ್ಲಿ ಉದ್ಯೋಗವಿದೆಯೆಂದು ಭಾವಿಸಬಹುದು. ಎರಡು ಊರುಗಳ ನಡುವಣ ದೂರವು ಸುಮಾರು ೫೫ ಕಿಲೋಮೀಟರು. ಹೊಳೆಗಳಿಗೆ ಸೇತುವೆಗಳಾಗುವ ಮೊದಲು ಈ ದೂರವನ್ನು ಒಂದೇ ದಿನದಲ್ಲಿ ಹೋಗಿ ಬರುವ ಯೋಚನೆಯನ್ನೇ ಯಾರೂ ಮಾಡುವಂತಿರಲಿಲ್ಲ. ಸೌಪರ್ಣಿಕೆ, ಚಕ್ರಾ, ವಾರಾಹಿ ಮೊದಲಾದ ಹೊಳೆಗಳು ಕೂಡಿ ಪಂಚಗಂಗಾವಳಿಯಾಗಿ ಕಡಲನ್ನು ಸೇರುವ ಆ ನಾಡಿನಲ್ಲಿ ಪ್ರಯಾಣವೆಂದರೆ ಕಡವಿನಲ್ಲಿ ದೋಣಿಗಾಗಿ ಕಾಯುವುದೇ ಆಗಿತ್ತು. ಆದಕಾರಣ ದೂರದಲ್ಲಿ ಜೀವನೋಪಾಯವನ್ನು ಹುಡುಕಿದವನು ಮನೆಯನ್ನು ಬಿಡಲೇಬೇಕಾಗಿತ್ತು. ಇಲ್ಲಿಯ ಎಷ್ಟೋ ಮಂದಿ ಮದರಾಸಿಗೂ ಮುಂಬಯಿಗೂ ಬೆಂಗಳೂರಿಗೂ ಹೋಗಿ ಹೋಟೆಲುಗಳಲ್ಲಿ ದುಡಿದು, ವರ್ಷಕ್ಕೊಮ್ಮೆ ಊರಿಗೆ ಬಂದು, ಕೆಲವು ದಿನ ಇದ್ದು ಹಿಂದಿರುಗುತ್ತಿದ್ದರು. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಎಂಬ ೧೯೪೧ರ ಕಾದಂಬರಿಯು ಈ ಅಗಲುವಿಕೆಯನ್ನೂ ಮರಳುವಿಕೆಯನ್ನೂ ಮೂರು ತಲೆಮಾರುಗಳ ಕತೆಯಾಗಿ ನಿರೂಪಿಸಿದೆ. ವರ್ಷಕ್ಕೊಮ್ಮೆ ಆಗುತ್ತಿದ್ದ ಆ ಮರಳುವಿಕೆಯು ಈಗ ಪ್ರತಿ ಸಂಜೆಯೂ ಆಗುತ್ತಲಿದೆ. ಮಗನೆಂಬ ಕರ್ತವ್ಯವನ್ನೂ ಉದ್ಯೋಗಿಯೆಂಬ ಕರ್ತವ್ಯವನ್ನೂ ಒಬ್ಬನೇ ಒಂದೇ ದಿನದಲ್ಲಿ ನಡೆಯಿಸುವುದಕ್ಕೆ ಆ ಸಣ್ಣ ವಾಹನವು ಸಾಧನವಾಗಿದೆ. ಹೀಗಿರಲು ಅದನ್ನು ಕೇವಲ ಭೋಗವಸ್ತುವೆಂದು ಹಳಿಯುವುದು ನ್ಯಾಯವಲ್ಲ.

ಅವನು ಡೀಸೆಲ್ ವಾಹನವನ್ನೇ ಆರಿಸಿಕೊಂಡುದಕ್ಕೂ ಕಾರಣವುಂಟು. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬಾತನು ೧೮೯೩ರಲ್ಲಿ ಸ್ವಾಮ್ಯಪತ್ರವನ್ನು ಪಡೆದು, ೧೮೯೭ರಲ್ಲಿ ಸಫಲವಾಗಿ ನಡೆಯಿಸಿ ತೋರಿಸಿದ ಯಂತ್ರದಲ್ಲಿ ಕಿಡಿಯ ಸಹಾಯವಿಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಶಾಖದಿಂದಲೇ ತೈಲವು ಹತ್ತಿಕೊಳ್ಳುವುದು. ಒತ್ತಡವು ಹೆಚ್ಚಾದಷ್ಟೂ ಅದೇ ತೈಲದಿಂದ ಹೆಚ್ಚು ಕೆಲಸವು ದೊರೆಯುವುದು. ನಿತ್ಯವೂ ಹೋಗಿ ಬರಲು ೧೧೦ ಕಿಲೋಮೀಟರು, ವರ್ಷಕ್ಕೆ ೨೫೦ ಕೆಲಸದ ದಿನಗಳು ಎಂದು ಲೆಕ್ಕ ಹಿಡಿದರೆ ೨೭,೫೦೦ ಕಿಲೋಮೀಟರಾಯಿತು. ಲೀಟರಿಗೆ ೨೦ ಕಿಲೋಮೀಟರು ಓಡುವ ಕಾರಿಗೆ ೧,೩೭೫ ಲೀಟರು ಬೇಕು. ಹದಿನೈದೇ ಓಡುವ ಕಾರಿಗಾದರೆ ೧,೮೩೩ ಲೀಟರು. ಈ ಅಂತರದಲ್ಲಿ ಮಕ್ಕಳ ವಿದ್ಯಾಭ್ಯಾಸದ ವೆಚ್ಚವೋ ತಾಯಿಯ ಔಷಧದ ವೆಚ್ಚವೋ ಅಡಗಿರಬಹುದು.

ಆದರೆ ಉಳಿತಾಯಕ್ಕೆ ಮೂರು ಮೂಲಗಳುಂಟು. ಮನುಷ್ಯನು ತನ್ನ ಬಯಕೆಯನ್ನು ತಗ್ಗಿಸಿ ಉಳಿಸುವುದು ಒಂದು. ಇದು ಸಂಯಮದ ಫಲ. ವಿದ್ಯೆಯಿಂದಲೂ ಕೌಶಲದಿಂದಲೂ, ಯಾರಿಗೂ ನಷ್ಟವಾಗದಂತೆ, ಅಲ್ಪದಿಂದ ಅಧಿಕವನ್ನು ಪಡೆಯುವುದು ಎರಡನೆಯದು. ಇದು ಬುದ್ಧಿಯ ಫಲ. ತಾನು ಹೊರಬೇಕಾದ ಹೊರೆಯ ಒಂದು ಪಾಲನ್ನು ಕಾಣದಂತೆ ಪರರ ಹೆಗಲಿಗೆ ದಾಟಿಸಿ ಉಳಿಸುವುದು ಮೂರನೆಯದು. ಮೊದಲಿನ ಎರಡು ಗುಣಗಳು, ಮೂರನೆಯದು ಋಣ. ಮೂರೂ ಒಂದೇ ಜೇಬಿಗೆ ಬಂದು ಬೀಳುವುದರಿಂದ ಅವುಗಳ ಬಣ್ಣವು ಗೊತ್ತಾಗುವುದಿಲ್ಲ. ನೀತಿವಿಚಾರದ ಕೆಲಸವು ಅವುಗಳನ್ನು ಬೇರ್ಪಡಿಸುವುದೇ ಆಗಿದೆ.

ಡೀಸೆಲ್ ಕಾರಿನಲ್ಲಿ ಈ ಮೂರೂ ಬೆರೆತಿವೆ. ದೊಡ್ಡ ಕಾರಿನ ಆಸೆಯನ್ನು ಬಿಟ್ಟು ಸಣ್ಣದರಲ್ಲಿ ತೃಪ್ತಿಪಟ್ಟುದು ಸಂಯಮ. ಯಂತ್ರದ ದಕ್ಷತೆಯು ಬುದ್ಧಿಯ ಫಲ. ಆದರೆ ಬಹುಕಾಲದ ತನಕ ಭಾರತದಲ್ಲಿ ಡೀಸೆಲ್ಲಿನ ಬೆಲೆಯನ್ನು ಸರಕಾರವು ತಗ್ಗಿಸಿ ಇರಿಸಿತ್ತು. ಲಾರಿಯಲ್ಲಿ ಬರುವ ಅಕ್ಕಿ ಬೇಳೆಗಳ ಬೆಲೆ ಏರಬಾರದು, ಬಸ್ಸಿನ ದರ ಏರಬಾರದು, ರೈತನ ಪಂಪು ನಿಲ್ಲಬಾರದು ಎಂಬುದು ಆ ಏರ್ಪಾಡಿಗೆ ಹೇಳುತ್ತಿದ್ದ ಕಾರಣ. ಕಾರಿನ ಯಜಮಾನನೂ ಅದೇ ಬಂಕಿನಲ್ಲಿ ನಿಂತು, ಇತರರಿಗಾಗಿ ಬಡಿಸಿದ ಎಲೆಯಲ್ಲಿ ಉಂಡಂತಾಯಿತು. ೨೦೧೪ನೇ ಅಕ್ಟೋಬರಿನಲ್ಲಿ ಆ ನಿಯಂತ್ರಣವು ತೆಗೆಯಲ್ಪಟ್ಟಿತು. ಅಂದಿನ ಕಾರಿನ ಯಜಮಾನನು ಕಾನೂನನ್ನು ಮೀರಿದವನಲ್ಲ, ಅವನನ್ನು ಅಪರಾಧಿಯೆನ್ನಲಾಗದು. ಆದರೂ ಅಪರಾಧವಲ್ಲದುದೆಲ್ಲವೂ ತನ್ನ ಸಾಮರ್ಥ್ಯವೇ ಎಂದು ಬೀಗುವುದು ಸಲ್ಲದು.

ಎರಡನೆಯ ಋಣವು ಹೊಗೆಯದು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೨೦೧೨ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಆ ರೋಗವನ್ನು ಉಂಟುಮಾಡುವ ವಸ್ತುಗಳ ವರ್ಗಕ್ಕೆ ಸೇರಿಸಿತು. ೨೦೨೦ನೇ ಏಪ್ರಿಲ್ ೧ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ ಆರರ ಕಟ್ಟಳೆಯು ಹೊಸ ಡೀಸೆಲ್ ಕಾರುಗಳ ಮಸಿಯನ್ನು ಬಹಳವಾಗಿ ತಗ್ಗಿಸಿತು. ಅದರ ವೆಚ್ಚವನ್ನು ನೋಡಿ ಕೆಲವು ಕಾರ್ಖಾನೆಗಳು ಸಣ್ಣ ಡೀಸೆಲ್ ಕಾರುಗಳನ್ನು ಮಾಡುವುದನ್ನೇ ಬಿಟ್ಟವು. ಹೊಸ ಕಾರುಗಳಲ್ಲಿ ಮಸಿಯನ್ನು ಹಿಡಿದಿಡುವ ಶೋಧಕವು ದೀರ್ಘಕಾಲ ಬಿಸಿಯಾಗಿ ಓಡಿದಾಗ ಮಾತ್ರ ಆ ಮಸಿಯನ್ನು ಸುಟ್ಟು ಶುದ್ಧವಾಗುವುದು. ಪೇಟೆಯೊಳಗೆ ಎರಡು ಮೈಲಿ ತಿರುಗುವವನಿಗೆ ಅದು ಹೊಂದದು. ಹೆದ್ದಾರಿಯಲ್ಲಿ ನಿತ್ಯವೂ ಓಡುವವನಿಗೆ ಹೊಂದುವುದು. ದೂರದ ಪ್ರಯಾಣಿಕನ ಪಕ್ಷಕ್ಕೆ ಈ ಮಟ್ಟಿಗೆ ನ್ಯಾಯವಿದೆ. ಆದರೆ ಒಂದು ಲೀಟರು ಡೀಸೆಲ್ ಉರಿದರೆ ಎರಡೂವರೆ ಕಿಲೋಗ್ರಾಮಿಗೂ ಹೆಚ್ಚಾದ ಇಂಗಾಲದ ಡೈಆಕ್ಸೈಡು ಆಕಾಶಕ್ಕೆ ಸೇರುವುದನ್ನು ಯಾವ ಶೋಧಕವೂ ತಡೆಯಲಾರದು. ೧,೩೭೫ ಲೀಟರಿಗೆ ಅದು ಮೂರೂವರೆ ಟನ್ನಿನಷ್ಟಾಗುತ್ತದೆ. ಕಡಲ್ಕೊರೆತಕ್ಕೆ ಅಂಜಿ ದಡಕ್ಕೆ ಕಲ್ಲು ಹಾಕಿಸಿಕೊಳ್ಳುವ ಮರವಂತೆಯ ಮೀನುಗಾರನು ಇದರಲ್ಲಿ ಒಂದು ಕಾಸನ್ನೂ ಉಳಿಸಿಕೊಂಡವನಲ್ಲ.

ಇನ್ನೊಂದು ಸೂಕ್ಷ್ಮವಿದೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞನಾದ ವಿಲಿಯಂ ಸ್ಟ್ಯಾನ್ಲಿ ಜೆವನ್ಸನು ೧೮೬೫ರಲ್ಲಿ, ಕಲ್ಲಿದ್ದಲನ್ನು ಮಿತವಾಗಿ ಉರಿಸುವ ಯಂತ್ರಗಳಿಂದ ಕಲ್ಲಿದ್ದಲಿನ ವೆಚ್ಚವು ಒಟ್ಟಿನಲ್ಲಿ ತಗ್ಗದೆ ಏರುವುದೆಂದು ತೋರಿಸಿದನು. ಅಗ್ಗವಾದುದನ್ನು ಮನುಷ್ಯನು ಹೆಚ್ಚಾಗಿ ಬಳಸುವನು. ದೂರದ ಗತಿಯೂ ಹಾಗೆಯೇ. ಕಿಲೋಮೀಟರಿನ ವೆಚ್ಚವು ಹೆಚ್ಚಾಗಿದ್ದರೆ ಆ ಗೃಹಸ್ಥನು ಬಸ್ಸಿನಲ್ಲಿ ಹೋಗುತ್ತಿದ್ದನೋ, ಕುಂದಾಪುರದಲ್ಲಿ ಒಂದು ಬಿಡಾರ ಮಾಡಿ ತಾಯಿಯನ್ನು ಕರೆತರುತ್ತಿದ್ದನೋ! ವೆಚ್ಚವು ತಗ್ಗಿದುದರಿಂದಲೇ ದೂರವು ಅವನ ಬಾಳಿನೊಳಗೆ ಬಂದು ನೆಲೆಸಿತು. ಒಂದೊಂದು ಸಲಕ್ಕೆ ಒಂದೂಕಾಲು ಗಂಟೆಯಂತೆ ವರ್ಷಕ್ಕೆ ೬೨೫ ಗಂಟೆಗಳು, ಎಂದರೆ ೨೬ ಅಹೋರಾತ್ರಿಗಳು, ಚಕ್ರದ ಹಿಂದೆ ಕಳೆದುಹೋಗುತ್ತವೆ. ತಾಯಿಯ ಬಳಿ ಇರುವುದಕ್ಕಾಗಿ ಕೊಂಡ ವಾಹನವು ಆ ಇಪ್ಪತ್ತಾರು ದಿನಗಳನ್ನು ತಾಯಿಯಿಂದಲೇ ತೆಗೆದುಕೊಳ್ಳುತ್ತದೆ.

ಈ ಕಾಲದ ಕೊರತೆಯನ್ನು ವೇಗದಿಂದ ತುಂಬಿಕೊಳ್ಳುವ ಆಸೆಯು ಸಹಜವಾದುದು. ಅತ್ಯಂತ ಕಠಿನವಾದ ಋಣವು ಹುಟ್ಟುವುದೂ ಅಲ್ಲಿಯೇ. ಒಂದು ಕಡೆ ಸೌಪರ್ಣಿಕೆ, ಮತ್ತೊಂದು ಕಡೆ ಅರಬ್ಬೀ ಸಮುದ್ರ, ನಡುವೆ ಹೆದ್ದಾರಿ, ಇದು ಮರವಂತೆಯ ಸೊಬಗು. ಆದರೆ ಆ ಹೆದ್ದಾರಿಯು ನಿರ್ಜನವಾದ ಮೈದಾನದಲ್ಲಿ ಹೋಗುವುದಿಲ್ಲ. ಉಪ್ಪುಂದ, ನಾವುಂದ, ತ್ರಾಸಿ, ಹೆಮ್ಮಾಡಿ, ಕೋಟೇಶ್ವರ, ತೆಕ್ಕಟ್ಟೆ, ಕೋಟ, ಸಾಲಿಗ್ರಾಮ, ಸಾಸ್ತಾನ ಹೀಗೆ ಊರಿಂದ ಊರಿಗೆ ಅಂಗಳಗಳ ನಡುವೆಯೇ ಹೋಗುತ್ತದೆ. ಮೀನಿನ ಬುಟ್ಟಿಯ ಹೆಂಗಸೂ ಶಾಲೆಯ ಹುಡುಗಿಯೂ ಅದನ್ನು ದಾಟಿಯೇ ತಮ್ಮ ಕೆಲಸಕ್ಕೆ ಹೋಗಬೇಕು. ಗಂಟೆಗೆ ೬೦ ಕಿಲೋಮೀಟರಿನಂತೆ ೫೫ ಕಿಲೋಮೀಟರನ್ನು ೫೫ ನಿಮಿಷಗಳಲ್ಲಿ ಮುಟ್ಟಬಹುದು. ೮೦ರಂತೆ ೪೧ ನಿಮಿಷಗಳಲ್ಲಿ. ಲಾಭವು ಹದಿನಾಲ್ಕೇ ನಿಮಿಷ. ಆದರೆ ವಾಹನದ ಚಲನಶಕ್ತಿಯು ವೇಗದ ವರ್ಗದಂತೆ ಬೆಳೆಯುವುದರಿಂದ, ಪೆಟ್ಟಿನ ಶಕ್ತಿಯು ಮುಕ್ಕಾಲು ಪಾಲಿಗೂ ಮಿಕ್ಕಿ ಅಧಿಕವಾಗುವುದು. ಹದಿನಾಲ್ಕು ನಿಮಿಷಗಳು ಇವನಿಗೆ. ಅಪಾಯದ ದೊಡ್ಡ ಪಾಲು ದಾಟುವವಳಿಗೆ. ಮೂರನೆಯ ಬಗೆಯ ಉಳಿತಾಯಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕೆ?

‘ಹಾಗಾದರೆ ಒಬ್ಬ ಬಡ ಉದ್ಯೋಗಿಯ ಮೇಲೆಯೇ ಲೋಕದ ಪಾಪವನ್ನೆಲ್ಲ ಹೊರಿಸುವುದೇ?’ ಎಂಬ ಆಕ್ಷೇಪವು ಬರುವುದು ಯುಕ್ತವೇ. ೧೯೯೮ರಲ್ಲಿ ಕೊಂಕಣ ರೈಲು ಪೂರ್ಣವಾದ ಮೇಲೆ ಬೈಂದೂರಿಗೂ ಕುಂದಾಪುರಕ್ಕೂ ಬಾರ್ಕೂರಿಗೂ ನಿಲ್ದಾಣಗಳಾದವು, ಬಸ್ಸುಗಳಂತೂ ಇವೆ. ಆದರೂ ಗಾಡಿಯ ವೇಳೆಯು ಕಚೇರಿಯ ವೇಳೆಗೆ ಹೊಂದದಿದ್ದರೆ, ಮಳೆಗಾಲದ ರಾತ್ರಿಯಲ್ಲಿ ತಾಯಿಗೆ ಉಬ್ಬಸ ಬಂದು ಮಣಿಪಾಲಕ್ಕೆ ಓಡಬೇಕಾದರೆ, ಅವನು ಏನು ಮಾಡಬೇಕು? ದಾಟುವುದಕ್ಕೆ ಸುರಕ್ಷಿತವಾದ ಎಡೆಯನ್ನು ಕಲ್ಪಿಸುವುದು, ಸಕಾಲದ ಸಾರ್ವಜನಿಕ ವಾಹನವನ್ನು ಒದಗಿಸುವುದು ಸಮಾಜದ ಮತ್ತು ಸರಕಾರದ ಹೊಣೆ. ವ್ಯಕ್ತಿಯ ಸದಾಚಾರವು ಅದಕ್ಕೆ ಬದಲಾಗಲಾರದು. ಇದು ನಿಜ. ಆದರೆ ಸಮಾಜವು ತನ್ನ ಪಾಲನ್ನು ಸಲ್ಲಿಸಲಿಲ್ಲವೆಂಬುದರಿಂದ ವ್ಯಕ್ತಿಯ ಪಾಲು ರದ್ದಾಗುವುದಿಲ್ಲ. ಸಾಲಗಾರರಿಬ್ಬರಲ್ಲಿ ಒಬ್ಬನು ತಪ್ಪಿಸಿಕೊಂಡರೆ ಮತ್ತೊಬ್ಬನ ಸಾಲವು ತೀರಿತೆಂದು ಯಾವ ನ್ಯಾಯವೂ ಹೇಳುವುದಿಲ್ಲ.

ಋಣವೆಂದರೆ ಪಾಪವಲ್ಲ, ಮರೆತರೆ ಮಾತ್ರ ಅದು ಪಾಪಕ್ಕೆ ಹತ್ತಿರವಾಗುವುದು. ತೀರಿಸುವ ದಾರಿಗಳೂ ಅವನ ಕೈಯಲ್ಲಿಯೇ ಇವೆ. ಬೈಂದೂರಿನಿಂದ ಹೊರಡುವ ಕಾರಿನಲ್ಲಿ ನಾಲ್ಕು ಆಸನಗಳು ಬರಿದಾಗಿರುತ್ತವೆ. ಅದೇ ದಿಕ್ಕಿಗೆ ಅದೇ ವೇಳೆಗೆ ಹೋಗುವ ಮೂವರನ್ನು, ಬಾಡಿಗೆಯ ಆಸೆಯಿಲ್ಲದೆ, ಸರದಿಯಂತೆ ಒಬ್ಬೊಬ್ಬರ ಕಾರಿನಲ್ಲಿ ಹೋಗುವ ಒಪ್ಪಂದದಿಂದ ಕೂಡಿಸಿಕೊಂಡರೆ ನಾಲ್ಕು ಹೊಗೆಗಳು ಒಂದಾಗುವುವು. ಆ ಹದಿನಾಲ್ಕು ನಿಮಿಷಗಳನ್ನು ದಾಟುವವರಿಗೆ ದಾನಮಾಡುವುದು ಮತ್ತೊಂದು. ಯಂತ್ರವನ್ನು ಕಾಲಕಾಲಕ್ಕೆ ಸರಿಪಡಿಸಿ, ಹೊಸತನದ ಚಪಲಕ್ಕೆ ಮಾರದೆ, ಅದು ಮಿತಿಮೀರಿ ಹೊಗೆಯುಗುಳತೊಡಗಿದ ದಿನ ವ್ಯಾಮೋಹವಿಲ್ಲದೆ ಬಿಡುವುದು ಮೂರನೆಯದು. ಬಸ್ಸು ಸಾಕಾಗುವ ದಿನ ಬಸ್ಸನ್ನೇ ಹಿಡಿಯುವುದು ನಾಲ್ಕನೆಯದು. ಇವುಗಳಲ್ಲಿ ಯಾವುದೂ ತ್ಯಾಗಿಗಳಿಗೆ ಮಾತ್ರ ಸಾಧ್ಯವಾದುದಲ್ಲ.

ತಿಂಗಳ ಕೊನೆಗೆ ಬಂಕಿನ ಚೀಟಿಗಳನ್ನು ಮುಂದಿಟ್ಟುಕೊಂಡು ಲೆಕ್ಕ ಮಾಡುವ ಗೃಹಸ್ಥನು ‘ಎಷ್ಟು ಉಳಿಯಿತು?’ ಎಂದು ಕೇಳಿಕೊಳ್ಳುವುದು ವಿವೇಕ. ‘ಯಾರ ಪಾಲಿನಿಂದ ಉಳಿಯಿತು?’ ಎಂದು ಅದರೊಡನೆ ಕೇಳಿಕೊಳ್ಳುವುದು ಧರ್ಮ. ಎರಡನೆಯ ಪ್ರಶ್ನೆಗೆ ಸಂಜೆಯ ದಾರಿಯಲ್ಲಿ, ತ್ರಾಸಿಯ ಬಳಿ ರಸ್ತೆ ದಾಟಲು ನಿಂತ ಹುಡುಗಿಗಾಗಿ ವೇಗವನ್ನು ತಗ್ಗಿಸಿದವನು ಮನೆಗೆ ಸ್ವಲ್ಪ ತಡವಾಗಿ ಮುಟ್ಟಬಹುದು. ಆದರೆ ಅವನು ತಂದ ಉಳಿತಾಯದಲ್ಲಿ ಪರರದು ಅಷ್ಟರ ಮಟ್ಟಿಗೆ ಕಡಿಮೆಯಾಗಿರುವುದು.