ಊದಿಸದ ಕಾನೂನು

ಹೆದ್ದಾರಿಯಲ್ಲಿ ಹೆಣ ಬಿದ್ದಾಗಲೆಲ್ಲ ಯಾರಾದರೊಬ್ಬರು ‘ಕುಡಿತದ ಮಿತಿಯನ್ನು ಸೊನ್ನೆಗೆ ಇಳಿಸಿಬಿಡಿ’ ಎನ್ನುತ್ತಾರೆ. ಆ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಂತೆ, 100 ಮಿಲಿಲೀಟರ್ ರಕ್ತದಲ್ಲಿ ಮದ್ಯಸಾರ 30 ಮಿಲಿಗ್ರಾಂ ಮೀರಿದರೆ ಅಪರಾಧ. ಇಂಗ್ಲೆಂಡಿನಲ್ಲಿ ಈ ಮಿತಿ 80. ನಮ್ಮಲ್ಲಿ 2019ರಿಂದ ಮೊದಲ ಸಲಕ್ಕೇ 10,000 ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಇಷ್ಟೆಲ್ಲ ಇದ್ದೂ ಮನಗೂಳಿಯ ನಮ್ಮ ಓಣಿಯಲ್ಲಿ ಉಸಿರಿನಲ್ಲಿ ಮದ್ಯ ಅಳೆಯುವ ಮಷಿನ್ ಊದಿದವರು ಒಬ್ಬರೂ ನನಗೆ ಸಿಕ್ಕಿಲ್ಲ.

ಕುಡಿತವೇ ಪಾಪ ಎನ್ನುವವರನ್ನೂ ಲಾಭನಷ್ಟ ತೂಗುವ ಉಪಯುಕ್ತತಾವಾದಿಗಳನ್ನೂ ಇಲ್ಲಿಗೇ ಬಿಡುತ್ತೇನೆ. ನಾನು ಸೆಣಸಬೇಕಾದದ್ದು ಬ್ರಿಟಿಷ್ ವೈದ್ಯವಿಜ್ಞಾನಿ ಜೆಫ್ರಿ ರೋಸ್ ಜೊತೆ. ಅತಿ ಅಪಾಯದ ಕೆಲವರನ್ನು ಹುಡುಕಿ ತಿದ್ದುವುದಕ್ಕಿಂತ ಇಡೀ ಸಮುದಾಯದ ರೂಢಿಯನ್ನೇ ತುಸು ಸರಿಸಿದರೆ ಹೆಚ್ಚು ಜೀವ ಉಳಿಯುತ್ತವೆ ಎಂದು 1985ರಲ್ಲಿ ಅವರು ವಾದಿಸಿದರು. ಸಣ್ಣ ಅಪಾಯದಲ್ಲಿರುವ ಬಹುಜನರಿಂದಲೇ ಹೆಚ್ಚು ರೋಗಿಗಳು ಬರುತ್ತಾರೆ ಎಂಬುದು ಅವರ ಲೆಕ್ಕ. ಅವರು ಹೇಳಿದ್ದು ರಕ್ತದೊತ್ತಡ, ಕೊಲೆಸ್ಟ್ರಾಲ್ ಕುರಿತು. ಮಿತಿ ಇಳಿಸಿ ಎನ್ನುವ ವಾದದ ಬೆನ್ನೆಲುಬೂ ಇದೇ.

ಆದರೆ ರಕ್ತದೊತ್ತಡದ ಅಪಾಯ ನಿಧಾನಕ್ಕೆ ಏರುವಂಥದ್ದು. ಮದ್ಯದ್ದು ಹಾಗಲ್ಲ, ಪ್ರಮಾಣ ಹೆಚ್ಚಿದಂತೆ ಕಡಿದಾಗಿ ಏರುತ್ತದೆ. ನನ್ನ ಸೋದರಮಾವನ ಮಗ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಹಿಂದೆ ದೀಪವಿಲ್ಲದ ಟ್ರೇಲರ್ ಕಟ್ಟಿಕೊಂಡು ರಾತ್ರಿ ಹೆದ್ದಾರಿಗೆ ಇಳಿಯುತ್ತಾನೆ. ಕುಡಿದದ್ದಕ್ಕೆ ಬೈದರೆ, ‘ಒಂದ್ ಕ್ವಾರ್ಟರ್‌ಗೆ ಏನಾಗ್ತೈತಿ ತಗಿ ಅಣ್ಣಾ’ ಅನ್ನುತ್ತಾನೆ. ಆ ಕ್ವಾರ್ಟರ್ ಅವನನ್ನು 30ರ ಎಷ್ಟೋ ಪಟ್ಟು ಆಚೆ ಒಯ್ದಿರುತ್ತದೆ. ಮಿತಿ 10 ಆದರೆ ಅವನಿಗೇನು? ಅವನು ಈಗಲೇ ಅಪರಾಧಿ, ಹಿಡಿಯುವವರು ಇಲ್ಲ ಅಷ್ಟೇ.

ಸೊನ್ನೆಯೇನೂ ನಮಗೆ ಹೊಸದಲ್ಲ. 1988ರ ಮೂಲ ಕಾಯ್ದೆಯಲ್ಲಿ ರಕ್ತದಲ್ಲಿ ಎಷ್ಟೇ ಅಲ್ಪ ಮದ್ಯವಿದ್ದರೂ ಅಪರಾಧವಾಗಿತ್ತು. 30 ಬಂದದ್ದು 1994ರ ತಿದ್ದುಪಡಿಯಲ್ಲಿ. ಸ್ಕಾಟ್ಲೆಂಡ್ 2014ರಲ್ಲಿ 80ರಿಂದ 50ಕ್ಕೆ ಇಳಿಸಿತು. ಅಪಘಾತ ಕಡಿಮೆಯಾಗಲಿಲ್ಲವೆಂದು ಗ್ಲಾಸ್ಗೋದ ಸಂಶೋಧಕರು ಕಂಡುಕೊಂಡರು, ತಪಾಸಣೆ ಸಾಲದೇ ಹೋದದ್ದು ಕಾರಣವಿರಬಹುದೆಂದೂ ಹೇಳಿದರು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 1982ರ ಡಿಸೆಂಬರಿನಿಂದ ಪೊಲೀಸರು ಯಾರನ್ನು ಬೇಕಾದರೂ ತಡೆದು ಊದಿಸತೊಡಗಿದ ಮೇಲೆ ಸಾವುಗಳು ಎದ್ದು ಕಾಣುವಷ್ಟು ಇಳಿದವು.

ಇಲ್ಲಿಗೆ ಗೆದ್ದೆನೆಂದುಕೊಂಡೆ. ಆದರೆ ಆ ಹುಡುಗನ ಮಾತು ಬಿಡುತ್ತಿಲ್ಲ. ‘ಇಷ್ಟಕ್ಕೆ ಏನಾಗ್ತೈತಿ’ ಅನ್ನಲು ಅವಕಾಶ ಕೊಟ್ಟದ್ದು ‘ಸ್ವಲ್ಪ ನಡೆಯುತ್ತದೆ’ ಎಂಬ ಮಿತಿಯೂ ಅಲ್ಲವೇ? ಎಷ್ಟು ಕುಡಿದೆ ಎಂದು ಅಳೆಯಬೇಕಾದ ಬುದ್ಧಿಯೇ ಎರಡನೇ ಪೆಗ್ಗಿಗೆ ಮಂಕಾಗುತ್ತದೆ. ಮುಟ್ಟಲೇಬೇಡ ಎಂಬ ನಿಯಮಕ್ಕೆ ಲೆಕ್ಕ ಬೇಕಿಲ್ಲ. ಇಲ್ಲಿ ರೋಸ್ ನನ್ನನ್ನು ಹಿಂದಕ್ಕೆ ತಳ್ಳುತ್ತಾರೆ. ತಪಾಸಣೆಯೂ ಎಲ್ಲರಿಗೂ ಸಮನಾಗಿ ಬರುವುದಿಲ್ಲ. ಬೈಕಿನ ಕೂಲಿಯವನನ್ನು ಊದಿಸಿದಷ್ಟು ಸಲೀಸಾಗಿ ಮುಖಂಡರ ಕಾರನ್ನು ಯಾರು ತಡೆಯುತ್ತಾರೆ? ಬಿಗಿ ಮಾಡಿದಷ್ಟೂ ಚೌಕಾಸಿಗೆ ದಾರಿಯಾದೀತು ಎಂಬ ಅಂಜಿಕೆಗೆ ನನ್ನಲ್ಲಿ ಉತ್ತರವಿಲ್ಲ.

ಹಾಗಾಗಿ ಬಸ್ಸು, ಲಾರಿ, ಟಂಟಂ, ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವರಿಗೆ ಸೊನ್ನೆಯನ್ನು ನಾನು ಒಪ್ಪುತ್ತೇನೆ. ಉಳಿದವರಿಗೆ 30 ಇರಬೇಕೋ ಬೇಡವೋ, ನನಗಿನ್ನೂ ಬಗೆಹರಿದಿಲ್ಲ. ಮಿತಿ ಇಳಿಸಿ ಎಂದು ಮನವಿ ಬರೆಯುವವರು, ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಹೊತ್ತು ಮನಗೂಳಿಯ ಹೆದ್ದಾರಿಗೆ ಊದುವ ಮಷಿನ್ ಕಳಿಸಿ ಎಂದು ಅದೇ ಹಾಳೆಯಲ್ಲಿ ಮೊದಲ ಸಾಲಾಗಿ ಬರೆಯಲಿ. ನಾನೂ ಸಹಿ ಹಾಕುತ್ತೇನೆ.