ಒಂದು ಸೊನ್ನೆಯ ಭಾರ

ನೆಟ್‌ವರ್ಕ್ ನೋಡಿಕೊಳ್ಳುವವರ ಬಳಿ ಐಪಿ ವಿಳಾಸಗಳ ಪಟ್ಟಿಗಳು ಬೆಳೆಯುತ್ತಲೇ ಇರುತ್ತವೆ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ತಡೆಯಬೇಕು ಎಂದು ಹೇಳುವ ಪಟ್ಟಿಗಳು ಅವು. ಹಲವು ಕೈಗಳು ಸೇರಿಸಿದ ಸಾಲುಗಳಲ್ಲಿ ಬಿಟ್ಟುಹೋದ ಚುಕ್ಕಿ, ಎರಡೆರಡು ಸಲ ಬಂದ ವಿಳಾಸ, ಇರಲಾರದ 256 ಎಲ್ಲವೂ ಸೇರಿಕೊಂಡಿರುತ್ತವೆ. ಇವನ್ನು ಸರಿಪಡಿಸಲು ಪುಟ್ಟದೊಂದು ಸ್ಕ್ರಿಪ್ಟ್ ಸಾಕು. ಆದರೆ ಅದನ್ನು ಬರೆಯುವವರು ಮೊದಲೇ ಒಂದು ತೀರ್ಮಾನಕ್ಕೆ ಬರಬೇಕಾಗುತ್ತದೆ: ತಪ್ಪು ಕಂಡಲ್ಲಿ ತಿದ್ದುವುದೋ, ಕೇಳುವುದೋ?

ಕೆಲವು ತಪ್ಪುಗಳಿಗೆ ಚರ್ಚೆಯೇ ಬೇಡ. ಐಪಿವಿ4 ವಿಳಾಸ 32 ಬಿಟ್‌ಗಳದು. ನಾಲ್ಕು ಭಾಗ, ಪ್ರತಿ ಭಾಗವೂ 0ಯಿಂದ 255ರೊಳಗೆ. ಸಾಲಿನ ಕೊನೆಯ ಖಾಲಿ ಜಾಗ ತೆಗೆದರೆ ಯಾರಿಗೂ ನಷ್ಟವಿಲ್ಲ. ಒಂದೇ ವಿಳಾಸ ಎರಡು ಸಲ ಬಂದಾಗ ಮಾತ್ರ 'ಒಂದೇ' ಎಂದು ಹೇಗೆ ತಿಳಿಯುವುದು ಎಂಬ ಪ್ರಶ್ನೆ ಏಳುತ್ತದೆ. ಐಪಿವಿ6ರಲ್ಲಿ ::1 ಮತ್ತು 0:0:0:0:0:0:0:1 ಒಂದೇ ವಿಳಾಸ. ಬರಹವನ್ನಷ್ಟೇ ಹೋಲಿಸುವ ಸ್ಕ್ರಿಪ್ಟ್‌ಗೆ ಅವು ಬೇರೆ ಬೇರೆ. ಆದ್ದರಿಂದ ಬಲ್ಲವರು ಮೊದಲು ಎಲ್ಲವನ್ನೂ ಸಂಖ್ಯೆಯಾಗಿ ಓದಿಸಿ, ಆಮೇಲೆ ಹೋಲಿಸುತ್ತಾರೆ.

ಕಷ್ಟ ಎದುರಾಗುವುದು 010.8.8.8 ಎಂಬಂಥ ಸಾಲಿನಲ್ಲಿ. ಮೊದಲ ಸೊನ್ನೆ ಅಂದಕ್ಕೆ ಹಾಕಿದ್ದು ಎಂದುಕೊಂಡರೆ ಇದು 10.8.8.8, ಅಂದರೆ ಕಚೇರಿಯ ಒಳಗಿನ ಖಾಸಗಿ ವಿಳಾಸ. ಆದರೆ ಹಳೆಯ ಯೂನಿಕ್ಸ್ ರೂಢಿಯಲ್ಲಿ ಸೊನ್ನೆಯಿಂದ ಶುರುವಾಗುವ ಸಂಖ್ಯೆ ಎಂಟರ ಲೆಕ್ಕದ್ದು. ಹಾಗೆ ಓದಿದರೆ ಇದು 8.8.8.8, ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್. ಪರೀಕ್ಷಿಸುವ ಸ್ಕ್ರಿಪ್ಟ್ ಮನೆಯವನೆಂದು ಒಪ್ಪಿದವನನ್ನು, ಸಂಪರ್ಕ ಕಟ್ಟುವ ತಂತ್ರಾಂಶ ಹೊರಗಿನವನೆಂದು ಓದಬಹುದು. ಆ ಬಿರುಕಿನಲ್ಲಿ ದಾಳಿಕೋರ ನುಸುಳುತ್ತಾನೆ. ಪೈಥಾನ್ ಭಾಷೆಯ ವಿಳಾಸ ಓದುವ ಲೈಬ್ರರಿ ಕೆಲಕಾಲ ಆ ಸೊನ್ನೆಯನ್ನು ಸದ್ದಿಲ್ಲದೆ ಕೈಬಿಡುತ್ತಿತ್ತು. 2021ರಲ್ಲಿ ಇದನ್ನು ಭದ್ರತಾ ಲೋಪವೆಂದು ಪರಿಗಣಿಸಿ, 3.9.5 ಆವೃತ್ತಿಯಿಂದ ಅಂಥ ವಿಳಾಸವನ್ನೇ ನಿರಾಕರಿಸತೊಡಗಿತು.

ಅಂತರ್ಜಾಲದ ನಿಯಮಗಳನ್ನು ರೂಪಿಸಿದವರಲ್ಲಿ ಪ್ರಮುಖರಾದ ಜಾನ್ ಪೋಸ್ಟೆಲ್ 1980ರಲ್ಲಿ ಒಂದು ನೀತಿ ಮುಂದಿಟ್ಟರು: ಕಳಿಸುವಾಗ ಬಿಗಿಯಾಗಿರಿ, ಸ್ವೀಕರಿಸುವಾಗ ಉದಾರವಾಗಿರಿ. ಒಂದಕ್ಕೊಂದು ಅಪರಿಚಿತವಾದ ಯಂತ್ರಗಳು ಮಾತಾಡಲು ಕಲಿತದ್ದರಲ್ಲಿ ಆ ಔದಾರ್ಯದ ಪಾಲು ದೊಡ್ಡದು. ಆದರೆ ಔದಾರ್ಯಕ್ಕೆ ಒಂದು ಷರತ್ತು ಇದೆ, ಎದುರಿನವರ ಮನಸ್ಸಿನಲ್ಲಿದ್ದುದು ಒಂದೇ ಅರ್ಥವಾಗಿರಬೇಕು. ಎರಡು ಅರ್ಥ ಸಾಧ್ಯವಿರುವಲ್ಲಿ ಒಂದನ್ನು ನಾವೇ ಆರಿಸಿದರೆ, ಅವರ ಮಾತಿನ ಜಾಗದಲ್ಲಿ ನಮ್ಮ ಮಾತನ್ನು ಇಟ್ಟಂತಾಯಿತು. ಅದೂ ಅವರ ಹೆಸರಿನಲ್ಲೇ.

ಹಾಗೆಂದು ಬಿಗಿಯಾದ ಪರೀಕ್ಷೆಯೇ ಸತ್ಯವೂ ಅಲ್ಲ. ದೋಷವಿಲ್ಲದ ವಿಳಾಸವೊಂದು ನಿನ್ನೆ ಒಬ್ಬರದು, ಇಂದು ಇನ್ನೊಬ್ಬರದು ಆಗಿರಬಹುದು. ಮೊಬೈಲ್ ಜಾಲಗಳಲ್ಲಿ ಒಂದೇ ವಿಳಾಸದ ಹಿಂದೆ ಅನೇಕರಿರುತ್ತಾರೆ. ಬರಹ ಸರಿಯಿದೆಯೇ ಎಂದು ಸ್ಕ್ರಿಪ್ಟ್ ಹೇಳೀತು, ತಡೆಯುವುದು ನ್ಯಾಯವೇ ಎಂದು ಹೇಳದು. ಅದಕ್ಕೆ ಆ ಸಾಲನ್ನು ಯಾರು, ಯಾಕೆ, ಯಾವಾಗ ಸೇರಿಸಿದರು ಎಂಬ ಟಿಪ್ಪಣಿ ಬೇಕು.

ಒಳ್ಳೆಯ ಸ್ಕ್ರಿಪ್ಟ್ ಎರಡು ಫೈಲ್ ಬರೆಯುತ್ತದೆ: ಒಪ್ಪಿದ ವಿಳಾಸಗಳದೊಂದು, ಸಾಲಿನ ಸಂಖ್ಯೆ ಮತ್ತು ಕಾರಣದ ಸಮೇತ ಒಪ್ಪದವುಗಳದೊಂದು. ಮೊದಲನೆಯದು ಯಂತ್ರಕ್ಕೆ. ಎರಡನೆಯದು ಮನುಷ್ಯರಿಗೆ, ಅದನ್ನು ಓದುವ ವ್ಯವಧಾನ ಇಲ್ಲದಿದ್ದರೆ ಮೊದಲನೆಯದರ ಶುದ್ಧಿಯನ್ನೂ ನಂಬುವಂತಿಲ್ಲ.