ಗಾಲಿ ನಿಲ್ಲಬೇಕಾದ ಗಡಿ

ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ 1964ರ ಸೆಪ್ಟೆಂಬರ್ 3ರಂದು ಸಹಿ ಹಾಕಿದ ವಿಲ್ಡರ್ನೆಸ್ ಕಾಯ್ದೆ ಕೆಲವು ಕಾಡು, ಬೆಟ್ಟಗಳನ್ನು ಮನುಷ್ಯ ಬಂದುಹೋಗಬಹುದಾದ, ಆದರೆ ನೆಲೆಯೂರಬಾರದ ಜಾಗಗಳೆಂದು ಕಾಯ್ದಿಟ್ಟಿತು. ಇಂದು ಆ ದೇಶದ ನೆಲದಲ್ಲಿ ಇಂಥದ್ದು ಸುಮಾರು ಶೇ. 5ರಷ್ಟಿದೆ. ಅಲ್ಲಿ ಮೋಟಾರಿನ ಜೊತೆಗೆ ಯಾಂತ್ರಿಕ ಸಾಗಾಟವೂ ನಿಷಿದ್ಧ. 1966ರ ನಿಯಮ ಜೀವವಿಲ್ಲದ ಶಕ್ತಿಯಿಂದ ಓಡುವುದನ್ನಷ್ಟೇ ಯಂತ್ರವೆಂದು ಎಣಿಸಿತ್ತು. 1984ರಲ್ಲಿ ಸೈಕಲ್ಲಿಗೂ ಬಾಗಿಲು ಮುಚ್ಚಿತು. ಮೌಂಟನ್ ಬೈಕ್ ಸವಾರರಿಗೆ ಇದು ಇಂದಿಗೂ ನೋವಿನ ವಿಷಯ. ಹೊಗೆಯಿಲ್ಲ, ಸದ್ದಿಲ್ಲ, ತುಳಿಯುವುದು ತಮ್ಮದೇ ಕಾಲು. ಹಾದಿಯ ಸವೆತವನ್ನು ಅಳೆದವರು ಕೂಡ ಸೈಕಲ್ಲು ಚಾರಣಿಗನಷ್ಟೇ, ಕುದುರೆಗಿಂತ ಕಡಿಮೆ ಹಾನಿ ಮಾಡುತ್ತದೆಂದು ಕಂಡಿದ್ದಾರೆ. ಹಾಗಿದ್ದೂ ಕುದುರೆಗೆ ಪ್ರವೇಶವಿದೆ. ಮಣ್ಣು ಉಳಿಸುವ ಕ್ರಮವೆಂದು ನೋಡಿದರೆ ಈ ನಿಷೇಧ ನಿಲ್ಲುವುದಿಲ್ಲ. ಆದರೆ ಅದನ್ನು ವ್ರತವೆಂದು ನೋಡಬೇಕು, ಆಗ ಅದು ಸರಿ ಎಂಬುದು ನನ್ನ ವಾದ.

ಏನನ್ನು ಬಿಡುವ ವ್ರತ ಎಂಬುದು ಸೈಕಲ್ಲಿನ ಕಥೆಯಲ್ಲೇ ಇದೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಫೇರ್‌ಫ್ಯಾಕ್ಸ್ ಬಳಿಯ ಇಳಿಜಾರಿನಲ್ಲಿ ಹುಡುಗರು ಹಳೆಯ, ದಪ್ಪ ಟೈರಿನ ಸೈಕಲ್ಲುಗಳಲ್ಲಿ ಪಂದ್ಯ ಶುರುಮಾಡಿದರು. ಹಿಂದಕ್ಕೆ ತುಳಿದು ಹಿಡಿಯುವ ಬ್ರೇಕು ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಒಂದು ಸಲ ಇಳಿದರೆ ಮತ್ತೆ ಗ್ರೀಸು ತುಂಬಬೇಕು. ಆ ದಾರಿಗೆ ರಿಪ್ಯಾಕ್ ಎಂಬ ಹೆಸರು ಬಂದದ್ದೇ ಹಾಗೆ. ಈಗ ಎಡ ಹೆಬ್ಬೆರಳಲ್ಲಿ ಸಣ್ಣ ಲಿವರ್ ಒತ್ತಿದರೆ ಸೀಟು ಕೆಳಗಿಳಿಯುತ್ತದೆ, ಡಿಸ್ಕ್ ಬ್ರೇಕಿಗೆ ಒಂದೇ ಬೆರಳು ಸಾಕು, ಮುಂದಿನ ಫೋರ್ಕು ಕಲ್ಲಿನ ಪೆಟ್ಟನ್ನು ನುಂಗುತ್ತದೆ, ಟ್ಯೂಬ್‌ಲೆಸ್ ಟೈರಿನೊಳಗಿನ ದ್ರಾವಣ ಮುಳ್ಳು ಚುಚ್ಚಿದ ತೂತನ್ನು ತಾನೇ ಮುಚ್ಚುತ್ತದೆ. ಒಂದೊಂದೂ ಚೆಂದದ ಕೆಲಸಗಾರಿಕೆ. ಒದ್ದೆ ಬೇರಿನ ಜಾರು, ಮಣ್ಣಿನ ಹಿಡಿತ ನಡೆಯುವವನಿಗಿಂತ ಒಳ್ಳೆಯ ಸವಾರನಿಗೇ ಹೆಚ್ಚು ಗೊತ್ತಿರಬಹುದು ಎಂಬುದನ್ನೂ ಒಪ್ಪುತ್ತೇನೆ. ಆದರೂ ಬೆಟ್ಟ ನಮ್ಮನ್ನು ತಡೆದು ನಿಲ್ಲಿಸುತ್ತಿದ್ದ ಸಂದರ್ಭಗಳನ್ನು ಇವು ಒಂದೊಂದಾಗಿ ಕಡಿಮೆ ಮಾಡುತ್ತ ಬಂದಿವೆ. ಇದ್ದ ಬಲವನ್ನೆಲ್ಲ ಬಳಸದೆ ಹೋಗುವ ಜಾಗ ಎಲ್ಲಾದರೂ ಒಂದಿಷ್ಟು ಉಳಿಯಬೇಕು.

ಈ ಯೋಚನೆ ನಮಗೆ ಹೊಸದಲ್ಲ. ಶ್ರವಣಬೆಳಗೊಳದ ವಿಂಧ್ಯಗಿರಿಯ ಬುಡದಲ್ಲಿ ಎಲ್ಲರೂ ಚಪ್ಪಲಿ ಬಿಡುತ್ತಾರೆ. ಚಪ್ಪಲಿಯಿಂದ ಆ ಹೆಬ್ಬಂಡೆ ಸವೆದೀತೆಂದು ಯಾರೂ ಹೆದರಿಲ್ಲ. ಬಿಸಿಲಿಗೆ ಕಾದ ಮೆಟ್ಟಿಲು ಅಂಗಾಲಿಗೆ ತಾಗುತ್ತದೆ, ಹೆಜ್ಜೆ ನಿಧಾನವಾಗುತ್ತದೆ. ಎಲ್ಲವನ್ನೂ ತೊರೆದು ನಿಂತ ಬಾಹುಬಲಿಯ ಬಳಿಗೆ ಹೋಗುವವರು ಅಷ್ಟಾದರೂ ತೊರೆದು ಹೋಗುತ್ತಾರೆ. ಉಪವಾಸ ಮಾಡುವವರೂ ಅನ್ನ ಕೆಟ್ಟದ್ದೆಂದು ಬಿಡುವುದಿಲ್ಲ.

ವ್ರತವನ್ನು ತಾನಾಗಿ ಹಿಡಿಯಬೇಕು, ಸರ್ಕಾರ ಹೇರಿದರೆ ಅದು ವ್ರತವೇ ಎಂಬ ಆಕ್ಷೇಪ ಬಲವಾದದ್ದೇ. ಆದರೆ ಒಬ್ಬನ ನೇಮ ಬೇರೆ, ಕ್ಷೇತ್ರದ ನೇಮ ಬೇರೆ. ಎಲ್ಲರೂ ಪಾಲಿಸಿದರಷ್ಟೇ ಎರಡನೆಯದು ಉಳಿಯುತ್ತದೆ, ಒಲ್ಲದವರಿಗೆ ಹೊರಗೆ ಬೇಕಾದಷ್ಟು ಜಾಗವಿದೆ. ನಡೆಯಲಾಗದವರ ಗತಿಯೇನು ಎಂದರೆ, 1990ರ ಅಂಗವಿಕಲರ ಕಾಯ್ದೆ ಗಾಲಿಕುರ್ಚಿಗೆ ವಿಲ್ಡರ್ನೆಸ್ಸಿನಲ್ಲೂ ಅವಕಾಶ ಕೊಟ್ಟಿದೆ; ವಿಂಧ್ಯಗಿರಿಯಲ್ಲೂ ಡೋಲಿಯುಂಟು. ಕುದುರೆಯ ಪ್ರಶ್ನೆಗೆ ಮಾತ್ರ ನನಗೆ ಒಪ್ಪುವ ಉತ್ತರವಿಲ್ಲ. ಅದನ್ನೂ ಹೊರಗಿಡುವುದೇ ನ್ಯಾಯ, ಸೈಕಲ್ಲನ್ನು ಒಳಬಿಡುವುದಲ್ಲ. ಇನ್ನೊಂದು ಅನ್ಯಾಯವೂ ಇದೆ: 2015ರಲ್ಲಿ ಐಡಾಹೋದ ಬೋಲ್ಡರ್-ವೈಟ್ ಕ್ಲೌಡ್ಸ್ ಬೆಟ್ಟಗಳು ವಿಲ್ಡರ್ನೆಸ್ಸಾದಾಗ ಕ್ಯಾಸಲ್ ಡಿವೈಡ್, ಆಂಟ್ಸ್ ಬೇಸಿನ್ ಎಂಬ ಹಾದಿಗಳು ಸವಾರರ ಕೈತಪ್ಪಿದವು. ಅವರು ಒಲಿದು ಓಡಾಡಿದ್ದ ಹಾದಿಗಳವು. ಹೊಸ ಗಡಿ ಗುರುತಿಸುವಾಗ ಇಂಥ ಹಾದಿಗಳನ್ನು ಆಚೆಗುಳಿಸುವುದು ಸಾಧ್ಯ, ಅದನ್ನು ಮೊದಲು ಕೇಳಬೇಕಾದವರು ನಿಷೇಧವನ್ನು ಬೆಂಬಲಿಸುವ ನನ್ನಂಥವರು.